ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್

ದೊಡ್ಡಬಳ್ಳಾಪುರದಲ್ಲಿ ನಾವಿರುವ ಬೀದಿಯಲ್ಲಿ ಮಗ್ಗಗಳ ಸದ್ದು ಅಡಗುವುದು ವಿದ್ಯುತ್ತು ನಿಂತಾಗ ಮಾತ್ರ. ಆ ಹೊತ್ತಿನಲ್ಲಿ ದೇವನಹಳ್ಳಿಯ ನಿಲ್ದಾಣದಿಂದ ಮೇಲೆದ್ದ ವಿಮಾನಗಳ ಮೊಳಗು ಸ್ಪಷ್ಟವಾಗಿ ಕೇಳಿಬರುತ್ತದೆ. 2008ರಲ್ಲಿ ಆ ನಿಲ್ದಾಣ ತೆರೆದಂದಿನಿಂದ ಇದು ನಮಗೆ ನಿತ್ಯದ ಸಂಗತಿ. ತಲೆಯೆತ್ತಿ ನೋಡುವವರು ಈಗ ಮಕ್ಕಳು ಮಾತ್ರ. ಹಾಗೆ ನೋಡಿ ನೋಡಿ ವಿಮಾನದ ಹುಚ್ಚು ಹತ್ತಿಸಿಕೊಂಡ ನನ್ನ ಮೊಮ್ಮಗನು ಹೋದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಒಂದು ಪುಟ್ಟ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟನು. ಒಳಗಿದ್ದುದು ಬೂದುಬಣ್ಣದ ಪ್ಲಾಸ್ಟಿಕ್ಕಿನ ಮೂವತ್ತು ನಲವತ್ತು ತುಂಡುಗಳು. ಕೂಡಿಸಿ ಅಂಟಿಸಿದರೆ ಎರಡನೆಯ ಮಹಾಯುದ್ಧದ ಒಂದು ಜರ್ಮನ್ ಕಾಳಗದ ವಿಮಾನ. ಹೆಸರು ಫೊಕ್ಕೆ ವುಲ್ಫ್ 190. ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು. ನಿಜವಾದ ವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ ಹತ್ತೂವರೆ ಮೀಟರು, ನಮ್ಮದು 14.6 ಸೆಂಟಿಮೀಟರು, ಎಂದರೆ ಒಂದು ಗೇಣಿಗೂ ಕಡಮೆ. ಇಂತಹ ಮಾದರಿಗಳಲ್ಲಿ ಅತ್ಯಂತ ಅಗ್ಗದ್ದೆಂದು ಅಂಗಡಿಯವನು ಹೇಳಿದ್ದನಂತೆ.

ಪೆಟ್ಟಿಗೆಯ ಮೇಲೆ ವಿಮಾನದ ಹೆಸರಿತ್ತು, ಅದನ್ನು ರಚಿಸಿದವನ ಹೆಸರಿರಲಿಲ್ಲ. ಆ ಹೆಸರು ನನಗೆ ಗೊತ್ತಿತ್ತು. ನಾನು ಬಾಲಕನಾಗಿದ್ದಾಗ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಬಂದಿದ್ದ ಜರ್ಮನ್ ಎಂಜಿನಿಯರನ ಸುದ್ದಿಯನ್ನು ಹಿರಿಯರು ಜಗುಲಿಯ ಮೇಲೆ ಆಡುತ್ತಿದ್ದರು. ಯುದ್ಧದಲ್ಲಿ ಇಂಗ್ಲಿಷರನ್ನು ನಡುಗಿಸಿದ ವಿಮಾನವನ್ನು ಮಾಡಿದಾತ ನಮ್ಮೂರಿನಿಂದ ಹತ್ತು ಹದಿನೈದು ಹರದಾರಿಯ ಅಂತರದಲ್ಲಿ ಕುಳಿತು ಭಾರತಕ್ಕಾಗಿ ವಿಮಾನವನ್ನು ಬರೆಯುತ್ತಿದ್ದಾನೆಂಬುದು ಅಂದಿನ ಒಂದು ಅದ್ಭುತ. ಕುರ್ಟ್ ಟ್ಯಾಂಕ್ ತೀರಿಹೋಗಿ ನಾಲ್ಕು ದಶಕಗಳು ಕಳೆದುವು. ತುಂಡುಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಲಿಟ್ಟು, ಆತನ ಜೀವನವನ್ನು ಮೊಮ್ಮಗನಿಗೆ ಹೇಳತೊಡಗಿದೆನು. ಕೆಲಸ ಮುಗಿಯುವವರೆಗೂ ಆ ಕಥೆ ಮುಗಿಯಲಿಲ್ಲ.

ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಬ್ರೋಂಬರ್ಗ್ ಎಂಬ ಊರಿನಲ್ಲಿ. ಅಂದು ಅದು ಜರ್ಮನಿಗೆ ಸೇರಿತ್ತು; ಇಂದು ಪೋಲೆಂಡಿನ ನಗರ. ಮೊದಲನೆಯ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನದಳವನ್ನು ಸೇರುವ ಆಸೆ. ತಂದೆ ಒಪ್ಪಲಿಲ್ಲ, ಮನೆತನದ ಸಂಪ್ರದಾಯದಂತೆ ಅಶ್ವದಳವನ್ನೇ ಸೇರಬೇಕಾಯಿತು. ಹಾರಬೇಕೆಂದಿದ್ದವನು ಯುದ್ಧಕಾಲವನ್ನು ಕೆಸರಿನಲ್ಲಿ ಕುದುರೆಗಳೊಡನೆ ಕಳೆದನು. ತಂದೆಯ ಆ ಹಟ ವ್ಯರ್ಥವಾಗಲಿಲ್ಲವೆಂಬುದನ್ನು ಮುಂದೆ ನೋಡುತ್ತೇವೆ. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿ 1923ರಲ್ಲಿ ಹೊರಬಂದನು. ರೋರ್‌ಬಾಖ್ ಸಂಸ್ಥೆಯಲ್ಲಿ ನೀರಿನ ಮೇಲಿಳಿಯುವ ವಿಮಾನಗಳ ಕೆಲಸ ಕಲಿತನು. ತಾನೇ ವಿಮಾನ ನಡೆಸುವುದನ್ನೂ ಕಲಿತನು. ಈ ಕೊನೆಯದು ಮುಖ್ಯ. ತಾನು ಬರೆದುದನ್ನು ತಾನೇ ಹಾರಿಸಿ ನೋಡುವ ಶಿಲ್ಪಿಗಳು ಆ ಕಾಲದಲ್ಲಿಯೂ ವಿರಳ. 1931ರಲ್ಲಿ ಬ್ರೆಮೆನ್ ನಗರದ ಫೊಕ್ಕೆ ವುಲ್ಫ್ ಸಂಸ್ಥೆಗೆ ಬಂದ ಬಳಿಕ ಆತನ ಕೈ ತೆರೆಯಿತು. ಮರುವರ್ಷ ಸ್ಟೀಗ್ಲಿಟ್ಸ್ ಎಂಬ ಎರಡು ಆಸನದ ಪುಟ್ಟ ವಿಮಾನ. ಅನಂತರ ಕಾಂಡೋರ್ ಎಂಬ ನಾಲ್ಕು ಎಂಜಿನ್ನಿನ ಪ್ರಯಾಣಿಕರ ವಿಮಾನ. 1938ರ ಆಗಸ್ಟಿನಲ್ಲಿ ಕಾಂಡೋರ್ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಎಲ್ಲಿಯೂ ಇಳಿಯದೆ ಸುಮಾರು 25 ಗಂಟೆಗಳಲ್ಲಿ ತಲಪಿತು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ವಿಮಾನದ ಒಡಲಿನ ಎರಡು ಹೋಳುಗಳು ಒಂದಾಗಿದ್ದುವು. ಅಗ್ಗದ ಪೆಟ್ಟಿಗೆಯ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಅಮುಕಿ ಹಿಡಿದು, ಒಣಗಿದ ಮೇಲೆ ಬೆನ್ನಿನ ಬಿರುಕನ್ನು ಮರಳುಕಾಗದದಿಂದ ಉಜ್ಜಬೇಕಾಯಿತು. ಗಾಜಿನಂತಹ ಮುಚ್ಚಳಕ್ಕೆ ನಾನು ಅವಸರದಲ್ಲಿ ಪ್ಲಾಸ್ಟಿಕ್ಕಿನ ಅಂಟನ್ನೇ ಬಳಸಿದೆ. ಅದರ ಹಬೆಯಿಂದ ಮುಚ್ಚಳದ ಒಂದು ಬದಿ ಮಂಜು ಕವಿದಂತಾಯಿತು. ಅಲ್ಲಿಗೆ ಬೇಕಾದುದು ಬಡಗಿಗಳ ಬಿಳಿಯ ಅಂಟು. ಮಗ್ಗದ ಊರಿನವನಿಗೆ ಅಂಟಿನ ಅವಸರ ಸಲ್ಲದೆಂದು ಗೊತ್ತಿರಬೇಕಾಗಿತ್ತು.

ಗಾಲಿಗಳನ್ನು ಕೂರಿಸುವಾಗ ಟ್ಯಾಂಕ್‌ನ ಬುದ್ಧಿ ನನ್ನ ಕೈಗೆ ತಿಳಿಯಿತು. ಅಂದಿನ ಜರ್ಮನಿಯ ಹೆಸರಾಂತ ವಿಮಾನವಾದ ಮೆಸ್ಸರ್‌ಶ್ಮಿಟ್ 109ರ ಕಾಲುಗಳು ಒಡಲಿಗೆ ಹತ್ತಿರವಾಗಿ ಹುಟ್ಟಿ ಹೊರಕ್ಕೆ ಚಾಚುತ್ತವೆ. ನೆಲದ ಮೇಲೆ ಅದರ ನಿಲುವು ಇಕ್ಕಟ್ಟು, ಇಳಿಯುವಾಗ ವಾಲಿ ಮುರಿದುಕೊಂಡುವು ಅನೇಕ. ಟ್ಯಾಂಕ್‌ನ ವಿಮಾನದ ಕಾಲುಗಳು ರೆಕ್ಕೆಯ ನಡುವಿನಿಂದ ಇಳಿದು ಅಗಲವಾಗಿ ನಿಲ್ಲುತ್ತವೆ. ಮೆಸ್ಸರ್‌ಶ್ಮಿಟ್ಟೂ ಇಂಗ್ಲಿಷರ ಸ್ಪಿಟ್‌ಫೈರೂ ಆತನ ಕಣ್ಣಿಗೆ ರೇಸಿನ ಕುದುರೆಗಳಂತೆ ಕಂಡಿದ್ದುವು: ಒಳ್ಳೆಯ ಮೇವು, ಒಳ್ಳೆಯ ಓಟದ ಬಯಲು ಇದ್ದರೆ ಅವಕ್ಕೆ ಸಾಟಿಯಿಲ್ಲ. ಆತನಿಗೆ ಬೇಕಾಗಿದ್ದುದು ದಂಡಿನ ಕುದುರೆ. ಹಳ್ಳಕೊಳ್ಳದ ನೆಲದಿಂದ ಏರಬೇಕು, ಅರೆಗಲಿತ ಸವಾರನನ್ನು ಹೊರಬೇಕು, ಪೆಟ್ಟು ತಿಂದರೂ ಮನೆಗೆ ಮರಳಬೇಕು, ಗಾಯವನ್ನು ಹತ್ತಿರದ ಲಾಯದಲ್ಲಿಯೇ ಕಟ್ಟುವಂತಿರಬೇಕು. ಅಶ್ವದಳದ ವರ್ಷಗಳು ಹೀಗೆ ಕಾಲಿಟ್ಟುವು. ನೀರಿನಿಂದ ತಣಿಯುವ ಎಂಜಿನ್ನಿಗೆ ಒಂದು ಗುಂಡು ತಗುಲಿ ನೀರು ಸೋರಿದರೆ ಮುಗಿಯಿತು. ಆದುದರಿಂದ ಗಾಳಿಯಿಂದ ತಣಿಯುವ ದುಂಡನೆಯ ಎಂಜಿನ್ನನ್ನು ಆತ ಆರಿಸಿಕೊಂಡನು. 1939ರ ಜೂನ್ 1ರಂದು ಮೊದಲ ವಿಮಾನ ಹಾರಿದಾಗ ಆ ಎಂಜಿನ್ನಿನ ಕಾವಿಗೆ ಚಾಲಕನ ಪಾದಗಳು ಬೆಂದಂತಾದುವಂತೆ. ಬೇರೆ ಎಂಜಿನ್ನು ಹಾಕಿ, ಚಾಲಕನ ಪೀಠವನ್ನು ಹಿಂದೆ ಸರಿಸಿ, ದೋಷಗಳನ್ನು ಒಂದೊಂದಾಗಿ ಕಳೆದರು. 1941ರಲ್ಲಿ ಅದು ಕಾಳಗಕ್ಕೆ ಇಳಿದಾಗ ಅಂದಿನ ಸ್ಪಿಟ್‌ಫೈರಿಗಿಂತ ಮೇಲೆಂದು ಇಂಗ್ಲಿಷರೇ ಕಂಡುಕೊಂಡರು. ಮರುವರ್ಷ ಜರ್ಮನ್ ಚಾಲಕನೊಬ್ಬ ದಿಕ್ಕು ತಪ್ಪಿ ವೇಲ್ಸಿನ ನಿಲ್ದಾಣವೊಂದರಲ್ಲಿ ಇಳಿದುದರಿಂದ ಅವರಿಗೆ ಇಡಿಯ ವಿಮಾನವೇ ಪರೀಕ್ಷೆಗೆ ಸಿಕ್ಕಿತು. ಒಟ್ಟು ಸುಮಾರು 20,000 ವಿಮಾನಗಳನ್ನು ಕಟ್ಟಿದರು. ಅದಕ್ಕಿಟ್ಟ ಅಡ್ಡಹೆಸರು, ಬೇಟೆಯನ್ನು ಮುಳ್ಳಿಗೆ ಚುಚ್ಚಿಟ್ಟು ತಿನ್ನುವ ಒಂದು ಪುಟ್ಟ ಹಕ್ಕಿಯದು. ಆ ಜಾತಿಯ ಹಕ್ಕಿಗಳು ನಮ್ಮ ಬಯಲಿನ ಜಾಲಿಮರಗಳಲ್ಲಿಯೂ ಉಂಟು.

ಬಣ್ಣದ ಕೆಲಸಕ್ಕೆ ಒಂದು ವಾರ ಹಿಡಿಯಿತು. ಮಾದರಿಗಳಿಗೆಂದೇ ಮಾರುವ ಬಣ್ಣಗಳ ಬೆಲೆ ಪೆಟ್ಟಿಗೆಯ ಬೆಲೆಯನ್ನು ಮೀರಿತ್ತು; ಹುಡುಗನ ಶಾಲೆಯ ಆಕ್ರಿಲಿಕ್ ಬಣ್ಣಗಳಲ್ಲಿಯೇ ಸುಧಾರಿಸಿದೆವು. ಕಪ್ಪು ಬಿಳುಪುಗಳನ್ನು ಬೆರಸಿ ಎರಡು ಬೂದುಬಣ್ಣ, ಮೇಲ್ಭಾಗಕ್ಕೆ. ಬಿಳುಪಿಗೆ ನೀಲಿಯ ಒಂದು ಹನಿ ಸೇರಿಸಿ ಆಕಾಶದ ಬಣ್ಣ, ಹೊಟ್ಟೆಗೆ. ಒಂದೇ ಸಲ ದಪ್ಪವಾಗಿ ಬಳಿದರೆ ಕುಂಚದ ಗೀರು ನಿಲ್ಲುತ್ತದೆ. ನೀರಾಗಿಸಿ ಮೂರು ಸಲ ಬಳಿಯಬೇಕು, ಪ್ರತಿಸಲವೂ ಒಣಗಲು ಬಿಡಬೇಕು. ಪಕ್ಕೆಗಳ ಮೇಲಿನ ಮಚ್ಚೆಗಳನ್ನು ಸ್ಪಂಜಿನ ಚೂರಿನಿಂದ ಒತ್ತಿದೆವು. ಮೂತಿಯ ಕೆಳಗೆ ಹಳದಿ. ರೆಕ್ಕೆಯ ಶಿಲುಬೆಗಳು ನೀರಿನಲ್ಲಿ ನೆನೆಸಿ ಜಾರಿಸುವ ಚಿತ್ರಗಳಾಗಿ ಪೆಟ್ಟಿಗೆಯಲ್ಲಿಯೇ ಇದ್ದುವು. ಆದರೆ ಪೆಟ್ಟಿಗೆಯ ಚಿತ್ರದಲ್ಲಿ ಬಾಲದ ರೆಕ್ಕೆ ಬರಿದಾಗಿತ್ತು, ಹಚ್ಚುವ ಚಿತ್ರವೂ ಇರಲಿಲ್ಲ. ನಿಜವಾದ ವಿಮಾನದಲ್ಲಿ ಅಲ್ಲಿದ್ದುದು ಹಿಟ್ಲರನ ಪಕ್ಷದ ಸ್ವಸ್ತಿಕ. ಇಂದು ಅನೇಕ ತಯಾರಕರು ಅದನ್ನು ಕೈಬಿಡುತ್ತಾರೆ. ಜರ್ಮನಿಯಲ್ಲಿ ಅದನ್ನು ಸಾರ್ವಜನಿಕವಾಗಿ ತೋರಿಸುವುದಕ್ಕೆ ಕಾನೂನಿನ ತಡೆಯುಂಟು.

ಬಿಟ್ಟುಬಿಡಬಹುದಾಗಿತ್ತು. ಆದರೆ ಕಥೆಯಲ್ಲಿ ನಾನು ಆ ಭಾಗಕ್ಕೇ ಬಂದಿದ್ದೆ. ಟ್ಯಾಂಕ್ ಬರಿಯ ಎಂಜಿನಿಯರನಾಗಿ ಉಳಿದವನಲ್ಲ. ಆ ಸರ್ಕಾರ ಆತನನ್ನು ಯುದ್ಧೋದ್ಯಮದ ಮುಂದಾಳುಗಳಲ್ಲಿ ಒಬ್ಬನನ್ನಾಗಿ ಮಾನ್ಯಮಾಡಿತ್ತು. ಆತನ ಹೆಸರಿನ ಮೊದಲೆರಡು ಅಕ್ಷರಗಳು ಮುಂದಿನ ವಿಮಾನಗಳ ಹೆಸರಿಗೆ ಸೇರಿದುವು. 1944ರ ಕೊನೆಗೆ ಅಂತಹ ಒಂದು ವಿಮಾನವನ್ನು, ಟಿಎ 152 ಎಂಬುದನ್ನು, ತಾನೇ ನಡೆಸಿಕೊಂಡು ಹೋಗುತ್ತಿದ್ದಾಗ ಅಮೆರಿಕದ ಕಾಳಗದ ವಿಮಾನಗಳು ಬೆನ್ನಟ್ಟಿದುವಂತೆ. ಬಂದೂಕಿಲ್ಲದ ಟ್ಯಾಂಕ್ ವೇಗವೊಂದರಿಂದಲೇ ಪಾರಾದನು. ಈ ಸಾಹಸವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದೇ ಕಾಲದಲ್ಲಿ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ, ಫೊಕ್ಕೆ ವುಲ್ಫ್ ಅದಕ್ಕೆ ಹೊರತಲ್ಲ, ಆಕ್ರಮಿತ ದೇಶಗಳಿಂದ ಹಿಡಿದು ತಂದ ಜನ ಬಲವಂತದ ದುಡಿಮೆ ಮಾಡುತ್ತಿದ್ದರೆಂಬುದನ್ನು ಎಲ್ಲ ಪುಸ್ತಕಗಳೂ ಹೇಳುವುದಿಲ್ಲ. ನಮ್ಮ ಜಗುಲಿಯ ಹಿರಿಯರೂ ಹೇಳಿದವರಲ್ಲ. ಇಂಗ್ಲಿಷರ ಮೇಲಿನ ಸಿಟ್ಟಿನಲ್ಲಿ ಅವರಿಗೆ ಅಷ್ಟು ದೂರದ್ದು ಕಾಣಿಸಿರಲಿಕ್ಕಿಲ್ಲ.

ಕೊನೆಗೆ ಹಲ್ಲುಕಡ್ಡಿಯ ತುದಿಯಿಂದ ಆ ಗುರುತನ್ನು ಬಾಲದ ಮೇಲೆ ನಾನೇ ಬರೆದೆನು. ಹುಡುಗ ನೋಡಿ, ಅಜ್ಜಿ ಹೊಸಿಲಿಗೆ ಬರೆಯುವುದು ನೆಟ್ಟಗೆ ನಿಲ್ಲುತ್ತದೆ, ತಾತ ಇದನ್ನೇಕೆ ಓರೆಯಾಗಿ ಬರೆದರು ಎಂದು ಕೇಳಿದನು. ಅವರು ಬರೆಯುತ್ತಿದ್ದುದೇ ಹಾಗೆ ಎಂದು ಹೇಳಿ, ಉಳಿದುದನ್ನೂ ಅವನ ವಯಸ್ಸಿಗೆ ತಕ್ಕಷ್ಟು ಹೇಳಿದೆನು. ನನ್ನ ಹೆಂಡತಿ ಮಾತ್ರ ಆ ವಿಮಾನವನ್ನು ದೇವರ ಮನೆ ಕಾಣುವ ಕಪಾಟಿನಲ್ಲಿ ಇಡಗೊಡಲಿಲ್ಲ.

ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ವಿಮಾನ ಕಟ್ಟುವಂತಿರಲಿಲ್ಲ. 1947ರಲ್ಲಿ ಟ್ಯಾಂಕ್ ಹೆಸರು ಮರೆಸಿಕೊಂಡು ಅರ್ಜೆಂಟೀನಕ್ಕೆ ಹೋದನು. ಕೋರ್ಡೊಬ ನಗರದಲ್ಲಿ, ಅಧ್ಯಕ್ಷ ಪೆರಾನರ ಆಶ್ರಯದಲ್ಲಿ, ಪುಲ್ಕಿ ಎರಡು ಎಂಬ ಜೆಟ್ ವಿಮಾನವನ್ನು ರಚಿಸಿದನು. 1950ರ ಜೂನಿನಲ್ಲಿ ಅದು ಹಾರಿತು. ಮುಂದಿನ ಎರಡು ವರ್ಷಗಳಲ್ಲಿ ಇಬ್ಬರು ಪರೀಕ್ಷಾ ಚಾಲಕರನ್ನು ಬಲಿ ತೆಗೆದುಕೊಂಡಿತು. 1955ರಲ್ಲಿ ಪೆರಾನರು ಉರುಳಿದಾಗ ತಂಡ ಚದರಿತು. ಅಷ್ಟು ಹೊತ್ತಿಗೆ ದೆಹಲಿಯಿಂದ ಕರೆ ಬಂದಿತ್ತು.

1956ರ ಆಗಸ್ಟಿನಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದಾಗ, ವಾಲಚಂದ ಹೀರಾಚಂದರು 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ತೆರೆದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ಇನ್ನೂ ಹದಿನಾರು ತುಂಬಿರಲಿಲ್ಲ. ವಿ. ಎಂ. ಘಾಟಗೆಯವರು ಅಲ್ಲಿ ಎಚ್‌ಟಿ 2 ಎಂಬ ತರಬೇತಿ ವಿಮಾನವನ್ನು ರಚಿಸಿ 1951ರಲ್ಲಿ ಹಾರಿಸಿದ್ದರು. ಅಲ್ಲಿಂದ ಶಬ್ದದ ಇಮ್ಮಡಿ ವೇಗದ ಕಾಳಗದ ವಿಮಾನಕ್ಕೆ ನೆಗೆಯುವುದೆಂದರೆ ಮಗ್ಗಿ ಕಲಿತವನು ಖಗೋಳಕ್ಕೆ ಕೈಹಾಕಿದಂತೆ. ಹದಿನೆಂಟು ಮಂದಿ ಜರ್ಮನರೂ ದಿನೇ ದಿನೇ ಬೆಳೆದ ನಮ್ಮ ತರುಣ ಎಂಜಿನಿಯರರ ಪಡೆಯೂ ಕೂಡಿ ಬರೆಯತೊಡಗಿದರು.

ಇಲ್ಲಿ ನನಗೆ ಬಹು ಪ್ರಿಯವಾದ ಘಟ್ಟ ಬರುತ್ತದೆ. ಲೋಹದ ವಿಮಾನವನ್ನು ಕಟ್ಟುವ ಮೊದಲು ಅವರು ಅದೇ ಅಳತೆಯ, ಅದೇ ಆಕಾರದ ವಿಮಾನವನ್ನು ಮರದಲ್ಲಿ ಕಟ್ಟಿದರು. ಎಪ್ಪತ್ತೆರಡರಲ್ಲಿ ಒಂದು ಪಾಲಲ್ಲ, ಪೂರ್ಣ ಪ್ರಮಾಣದ ಮಾದರಿ. ಎಂಜಿನ್ನಿಲ್ಲ. 1959ರಲ್ಲಿ ಡಕೋಟ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದು ಮೇಲಕ್ಕೊಯ್ದು ಬಿಟ್ಟಿತು. ಮರದ ಹಕ್ಕಿ ತನ್ನಷ್ಟಕ್ಕೆ ತೇಲಿ ಬೆಂಗಳೂರಿನ ನೆಲಕ್ಕಿಳಿಯಿತು. ಹೀಗೆ ಅನೇಕ ಸಲ. ಹಿಂದಕ್ಕೆ ಬಾಗಿದ ರೆಕ್ಕೆಗಳು ನಿಧಾನವಾದ ವೇಗದಲ್ಲಿ ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಅದರಿಂದ ಅರಿತರು. ಮೊಮ್ಮಗನಿಗೆ ಇದು ನಂಬಿಕೆಯಾಗಲಿಲ್ಲ. ದೊಡ್ಡವರೂ ಆಟಿಕೆ ಮಾಡುತ್ತಿದ್ದರೇ ಎಂದು ಕೇಳಿದನು.

1961ರ ಜೂನಿನಲ್ಲಿ ಲೋಹದ ವಿಮಾನ ಸುರಂಜನ ದಾಸರ ಕೈಯಲ್ಲಿ ಹಾರಿತು. ಹೆಸರು ಮಾರುತ. ನೋಡಿದವರೆಲ್ಲ ಅದರ ರೂಪವನ್ನು ಹೊಗಳಿದರು. ನಡು ಸಣ್ಣಗಾದ ಆ ಒಡಲು ಇಂದಿಗೂ ಕಣ್ಣಿಗೆ ಹಬ್ಬ. ಆದರೆ ಯಾವ ಎಂಜಿನ್ನನ್ನು ನಂಬಿ ಆ ಒಡಲನ್ನು ರಚಿಸಿದ್ದರೋ ಅದು ಬರಲೇ ಇಲ್ಲ. ಇಂಗ್ಲೆಂಡಿನ ಓರ್ಫಿಯಸ್ ಎಂಜಿನ್ನಿನ ಹೆಚ್ಚು ಬಲದ ರೂಪವನ್ನು ಪೂರ್ತಿಗೊಳಿಸಲು ಹಣ ಬೇಕಾಗಿತ್ತು. ಇಂಗ್ಲಿಷರು ಕೈಬಿಟ್ಟರು, ದೆಹಲಿ ಕೊಡಲಿಲ್ಲ. ರಷ್ಯದ ಎಂಜಿನ್ನನ್ನು ವಿಚಾರಿಸಿದರು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನಿಗಾಗಿ ಒಂದು ಮಾರುತವನ್ನು ಅಲ್ಲಿಗೇ ಕಳುಹಿಸಿದರು. ಯಾವುದೂ ಕೂಡಿಬರಲಿಲ್ಲ. ತಲಾ ಸುಮಾರು 2,200 ಕಿಲೋ ತಳ್ಳುಬಲದ ಎರಡು ಸಣ್ಣ ಓರ್ಫಿಯಸ್‌ಗಳಿಂದಲೇ ತೃಪ್ತಿಪಡಬೇಕಾಯಿತು. ಶಬ್ದದ ಇಮ್ಮಡಿ ವೇಗಕ್ಕೆಂದು ಹುಟ್ಟಿದ ವಿಮಾನ ಶಬ್ದದ ವೇಗವನ್ನು ಮುಟ್ಟುವಷ್ಟರಲ್ಲಿಯೇ ಏದುಸಿರು ಬಿಡುತ್ತಿತ್ತು. ಹಣವುಳಿಸಿದ ಆ ನಿರ್ಧಾರ ನಮ್ಮ ಕೈಗಾರಿಕೆಯ ಚರಿತ್ರೆಯಲ್ಲಿ ಬಹು ದುಬಾರಿಯಾದುದೆಂದು ನನ್ನ ಅಭಿಪ್ರಾಯ.

ಆದರೂ 147 ಮಾರುತಗಳನ್ನು ಕಟ್ಟಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ಅವು ಚೆನ್ನಾಗಿ ಹೋರಾಡಿದುವು. ಒಂದು ಎಂಜಿನ್ನು ಕೆಟ್ಟರೂ ಇನ್ನೊಂದರ ಬಲದಿಂದ ಮನೆಗೆ ಮರಳಿದುದುಂಟು. ದಂಡಿನ ಕುದುರೆಯ ಗುಣ ಅದು. ಸುರಂಜನ ದಾಸರು ಅದನ್ನು ನೋಡಲು ಉಳಿದಿರಲಿಲ್ಲ. ತಳ್ಳುಬಲ ಹೆಚ್ಚಿಸಲು ಮಾರ್ಪಡಿಸಿದ ಮಾರುತವೊಂದನ್ನು 1970ರ ಜನವರಿಯಲ್ಲಿ ಪರೀಕ್ಷಿಸುತ್ತ ಬೆಂಗಳೂರಿನಲ್ಲಿಯೇ ಮಡಿದರು. ಕಾರ್ಖಾನೆಯ ಬಳಿಯ ರಸ್ತೆಗೆ ಅವರ ಹೆಸರಿದೆ. ಟ್ಯಾಂಕ್ 1967ರಲ್ಲಿಯೇ ಬೆಂಗಳೂರನ್ನು ಬಿಟ್ಟಿದ್ದನು. ಜರ್ಮನಿಗೆ ಮರಳಿ, ಸಲಹೆಗಾರನಾಗಿದ್ದು, 1983ರ ಜೂನ್ 5ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಆ ನಗರದ ಹತ್ತಿರದ ವಿಮಾನ ಸಂಗ್ರಹಾಲಯದಲ್ಲಿ ಬೆಂಗಳೂರಿನಿಂದ ಹೋದ ಒಂದು ಮಾರುತ ನಿಂತಿದೆ.

ರಜೆ ಮುಗಿಯುವ ಮುನ್ನ ಮೊಮ್ಮಗ ಮಾರುತದ ಪೆಟ್ಟಿಗೆಯೂ ಬೇಕೆಂದನು. ಅಷ್ಟು ಅಗ್ಗದ್ದು ನಮಗೆ ಎಲ್ಲಿಯೂ ಸಿಕ್ಕಲಿಲ್ಲ. ಪಕ್ಕದ ಮನೆಯವರು ಮೂಲೆಗೆ ಹಾಕಿದ್ದ ಹಳೆಯ ಮರದ ಲಾಳಿಯೊಂದನ್ನು ಕೇಳಿ ತಂದೆನು. ಎರಡೂ ತುದಿ ಚೂಪಾದ ಅದರ ಮೈ ಅರ್ಧ ಕೆಲಸವನ್ನು ಮೊದಲೇ ಮಾಡಿಟ್ಟಂತಿತ್ತು. ಎಪ್ಪತ್ತೆರಡರ ಲೆಕ್ಕದಲ್ಲಿ ಒಡಲು 22 ಸೆಂಟಿಮೀಟರು, ರೆಕ್ಕೆ ಹನ್ನೆರಡೂವರೆ. ನೂಲಿನ ಕಂಡಿಕೆ ಕೂರುವ ಟೊಳ್ಳು ಸರಿಯಾಗಿ ಎಂಜಿನ್ನುಗಳಿರಬೇಕಾದ ಸ್ಥಳಕ್ಕೆ ಬಂದಿದೆ. ಅದನ್ನು ಮುಚ್ಚುವುದೋ ಹಾಗೆಯೇ ಬಿಡುವುದೋ ಎಂದು ತಾತ ಮೊಮ್ಮಕ್ಕಳು ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಮೂತಿಯನ್ನು ಉಜ್ಜುತ್ತಿದ್ದೇವೆ.