ಊರ ಹೆಸರಿನಲ್ಲೇ ಇತಿಹಾಸ ಓದಿದ ಗುರ್ಲಹೊಸೂರಿನ ಶಂಬಾ ಮಾಸ್ತರರು

ಸವದತ್ತಿ: ಎಲ್ಲಮ್ಮನ ಗುಡ್ಡಕ್ಕೆ ಬರೋ ಮಂದಿಗೆಲ್ಲ ಸವದತ್ತಿ ಗೊತ್ತು. ಮಗ್ಗಲಲ್ಲೇ ಇರುವ ಗುರ್ಲಹೊಸೂರು ಯಾರು ಹುಟ್ಟಿದ ಊರು ಅಂತ ಕೇಳಿದರೆ ಬಹಳ ಜನ ತಡವರಿಸ್ತಾರೆ. ಶಂಕರ ಬಾಳದೀಕ್ಷಿತ ಜೋಶಿ, ಅಂದರೆ ನಾಡೇ ಬಲ್ಲ ಸಂಶೋಧಕ ಶಂಬಾ ಜೋಶಿ, 1896ರ ಜನವರಿ 4ರಂದು ಹುಟ್ಟಿದ್ದು ಇಲ್ಲೇ. (ಅದೇ ತಿಂಗಳ ಕೊನೆಗೆ ಧಾರವಾಡದಲ್ಲಿ ಬೇಂದ್ರೆ ಹುಟ್ಟಿದರು.)

ಶಂಬಾ ಅವರು 1928ರಿಂದ 1946ರವರೆಗೆ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದರು. ಕಲಿಸಿದ್ದು ಕನ್ನಡ, ತಲೆ ತುಂಬ ಇದ್ದದ್ದು ಇತಿಹಾಸ. ವಿಶ್ವವಿದ್ಯಾಲಯದ ಪ್ರೊಫೆಸರರು ಮಾಡಬೇಕಾದಂಥ ಕೆಲಸವನ್ನು ಅವರು ಸಾಲಿಯ ನೌಕರಿ ಮಾಡ್ತಾನೇ ಕೈಗೆತ್ತಿಕೊಂಡರು.

ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ ಮುಂಬಯಿ ಪ್ರಾಂತದೊಳಗೆ ಇದ್ದವು. ಕಚೇರಿ, ಸಾಲಿ, ಪೇಟೆ ಎಲ್ಲ ಕಡೆ ಮರಾಠಿಯದೇ ಜೋರು. ಅಂಥ ದಿನಗಳಲ್ಲಿ ಶಂಬಾ ಹಳೇ ಪ್ರಶ್ನೆಯೊಂದನ್ನು ಹಿಡಿದರು. ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಇತ್ತು ಅಂತ ಒಂಬತ್ತನೇ ಶತಮಾನದ ಕವಿರಾಜಮಾರ್ಗ ಹೇಳುತ್ತದೆ. ಹಾಗಿದ್ದರೆ ಗೋದಾವರಿ ಕಡೆಯ ಕನ್ನಡ ಎಲ್ಲಿ ಹೋಯ್ತು?

ಉತ್ತರಕ್ಕೆ ಅವರು ಬರೀ ರಾಜರ ಶಾಸನ ನೆಚ್ಚಿ ಕೂಡಲಿಲ್ಲ. ಊರಿನ ಹೆಸರು, ಮನೆತನದ ಅಡ್ಡಹೆಸರು, ಕುಲದೇವರು, ಜಾತ್ರೆ, ದಿನಬಳಕೆಯ ಮಾತು, ಇವನ್ನೇ ದಾಖಲೆ ಮಾಡಿಕೊಂಡರು. ರಾಜ ಬದಲಾದರೂ ಊರಿನ ಹೆಸರು ಸುಲಭಕ್ಕೆ ಅಳಿಯೋದಿಲ್ಲ. ಮಂದಿ ಆಡೋ ಭಾಷೆ ಬದಲಾದರೂ ಹೆಸರಿನೊಳಗೆ ಹಳೇ ನುಡಿ ಕೂತೇ ಇರುತ್ತದೆ. ‘ಕಣ್ಮರೆಯಾದ ಕನ್ನಡ’, ‘ಮಹಾರಾಷ್ಟ್ರದ ಮೂಲ’, ‘ಕನ್ನಡದ ನೆಲೆ’ ಪುಸ್ತಕಗಳೆಲ್ಲ ಈ ಹುಡುಕಾಟದ ಬೆಳೆ. ಮುಂದೆ ಕುರುಬರ ದೇವರು, ಆಚರಣೆಗಳ ಬೆನ್ನು ಹತ್ತಿ ‘ಹಾಲುಮತ ದರ್ಶನ’ ಬರೆದರು. ಕುರಿ ಕಾಯೋರ ನಂಬಿಕೆಯಲ್ಲಿ ನಾಡಿನ ಹಳೇ ಚರಿತ್ರೆ ಇದೆ ಅಂತ ನಂಬಿ, ಅದಕ್ಕೆ ವಿದ್ವಾಂಸರ ಸಾಲಿನಲ್ಲಿ ಜಾಗ ಕೊಟ್ಟವರು ಅವರು.

ಇನ್ನೊಂದು ಮಾತು, ಗಡಿ ಜಿಲ್ಲೆಯವರು ಗಮನಿಸಬೇಕಾದ್ದು. ಮರಾಠಿಗರ ಜೊತೆ ವಾದ ಮಾಡಬೇಕಾದಾಗ ಶಂಬಾ ಕನ್ನಡದಲ್ಲಿ ಬೈದು ಸುಮ್ಮನಾಗಲಿಲ್ಲ. ಮರಾಠಿ ಗ್ರಂಥಗಳನ್ನು ಆಳವಾಗಿ ಓದಿಕೊಂಡು ಮರಾಠಿಯಲ್ಲೇ ಪುಸ್ತಕ ಬರೆದು ಅವರ ಮುಂದಿಟ್ಟರು. ಒಪ್ಪದವರು ಎರಡೂ ಕಡೆ ಇದ್ದರು. ಶಬ್ದಗಳ ಮೂಲ ಹುಡುಕೋವಾಗ ಅವರು ಕೆಲವು ಕಡೆ ಬಹಳ ದೂರ ಹೋದರು ಅನ್ನೋದೂ ನಿಜ. ಆದರೂ ಅವರು ಎತ್ತಿದ ಪ್ರಶ್ನೆಗಳನ್ನು ದಾಟಿ ಹೋಗೋದು ಮುಂದಿನ ಸಂಶೋಧಕರಿಗೆ ಆಗಲಿಲ್ಲ.

ಮನ್ನಣೆ ಬಂದದ್ದು ತಡವಾಗಿ. ‘ಕರ್ಣಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1981ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಮಾಸ್ತರರಿಗೆ 85 ದಾಟಿತ್ತು. ಅವರು ತೀರಿಕೊಂಡದ್ದು 1991ರಲ್ಲಿ, 95ನೇ ವಯಸ್ಸಿನಲ್ಲಿ.