ವಲಸಿಗರ ಗುರು ಸಂತ ಜೋಸೆಫ್ ವಾಜ್

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರದ ಹಳೆಯ ದೀಕ್ಷಾಸ್ನಾನದ ದಫ್ತರಗಳನ್ನು ತಿರುವಿ ನೋಡಿದಾಗ ಒಂದು ಸಂಗತಿ ನಮ್ಮ ಗಮನವನ್ನು ಸೆಳೆಯುತ್ತದೆ. ಗೋವೆಯ ಮನೆತನಗಳ ಹೆಸರುಗಳ ಕೆಳಗೇ ಧಾರವಾಡ ಸೀಮೆಯ ಅಚ್ಚಕನ್ನಡದ ಹೆಸರುಗಳಿವೆ; ಕರಾವಳಿಯಿಂದ ಬಂದವರ ಮಕ್ಕಳಿಗೆ ಇಲ್ಲಿಯ ಒಕ್ಕಲಿನ ಮನೆಯವರು ಜ್ಞಾನತಂದೆಯಾಗಿ, ಜ್ಞಾನತಾಯಿಯಾಗಿ ನಿಂತಿದ್ದಾರೆ. ನಾವು ಯಾರು, ಎಲ್ಲಿಂದ ಬಂದೆವು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು, ವಲಸೆ ಬಂದ ಜನರಿಗಾಗಿ ತಮ್ಮ ಬಾಳನ್ನು ಸವೆಸಿ, ಕಡೆಗೆ ತಾವೂ ಪರನಾಡಿನ ಮಣ್ಣಿನಲ್ಲಿಯೇ ಮಣ್ಣಾದ ಸಂತ ಜೋಸೆಫ್ ವಾಜ್ ಅವರ ಪುಣ್ಯಚರಿತೆಯನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಬೆಣಾವಲಿಯಲ್ಲಿ, ತಾಯಿಯ ತವರೂರಿನಲ್ಲಿ ಜನಿಸಿದರು. ತಂದೆಯ ಊರು ಸಾಂಕವಾಳೆ. ಬಾಲ್ಯದಿಂದಲೇ ಪ್ರಾರ್ಥನೆಯಲ್ಲಿ ಆಸಕ್ತರಾಗಿದ್ದ ಅವರು ವಿದ್ಯಾಭ್ಯಾಸವನ್ನು ಮುಗಿಸಿ 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಮರುವರ್ಷ, ತಾವು ಮಾತೆ ಮರಿಯಮ್ಮನವರ ದಾಸರೆಂದು ಪತ್ರವೊಂದನ್ನು ಬರೆದು ತಮ್ಮನ್ನು ಆ ತಾಯಿಗೆ ಸಮರ್ಪಿಸಿಕೊಂಡರು. ಬರಿಗಾಲಿನ ನಡಿಗೆ, ಸರಳ ಊಟ, ಬಡವರ ಸಹವಾಸ ಅವರ ಜೀವನಕ್ರಮವಾಯಿತು.

ಆ ಕಾಲದಲ್ಲಿ ಗೋವೆಯಿಂದ ಅನೇಕ ಕ್ರೈಸ್ತ ಕುಟುಂಬಗಳು ದಕ್ಷಿಣದ ಕನ್ನಡ ಕರಾವಳಿಗೆ ಇಳಿದು ಬರುತ್ತಿದ್ದವು. ಕ್ಷಾಮ, ರೋಗರುಜಿನ, ತೆರಿಗೆಯ ಭಾರ, ಯುದ್ಧಗಳ ಭೀತಿ ಇವೇ ಮೊದಲಾದವು ಅದಕ್ಕೆ ಕಾರಣಗಳು. ಕೈಯಲ್ಲಿ ಜಪಸರ, ತಲೆಯ ಮೇಲೆ ಗಂಟು, ನಾಲಗೆಯಲ್ಲಿ ಕೊಂಕಣಿ; ಇಷ್ಟೇ ಅವರ ಆಸ್ತಿ. ಆ ಕರಾವಳಿ ಅಂದು ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಬಿದನೂರಿನಿಂದ ರಾಜ್ಯಭಾರ ನಡೆಸುತ್ತಿದ್ದ ರಾಣಿ ಚೆನ್ನಮ್ಮಾಜಿ ವೀರಶೈವ ಧರ್ಮದ ಅನುಯಾಯಿ. ಆದರೂ ಕ್ರೈಸ್ತರು ತನ್ನ ರಾಜ್ಯದಲ್ಲಿ ನೆಲೆಸುವುದಕ್ಕೂ ದೇವಾಲಯಗಳನ್ನು ಕಟ್ಟಿಕೊಳ್ಳುವುದಕ್ಕೂ ಆಕೆ ಅಡ್ಡಿಪಡಿಸಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ದೇವಾಲಯ 1680ರಲ್ಲಿ ಸ್ಥಾಪನೆಯಾದುದು ಆಕೆಯ ಆಳ್ವಿಕೆಯಲ್ಲಿಯೇ. ಔರಂಗಜೇಬನ ಸೈನ್ಯಕ್ಕೆ ಅಂಜಿ ಬಂದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತ ರಾಣಿಯೂ ಇವಳೇ. ಬಂದವರಿಗೆ ಬಾಗಿಲು ತೆರೆಯುವ ಈ ಗುಣ ಕನ್ನಡ ನೆಲಕ್ಕೆ ಹೊಸದಲ್ಲವೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ನೆಲ ದೊರೆತರೂ ಆ ವಲಸಿಗರಿಗೆ ಗುರುಗಳು ಸಾಕಷ್ಟು ಇರಲಿಲ್ಲ. 1681ರಲ್ಲಿ ಗೋವೆಯ ಧರ್ಮಪ್ರಾಂತ ಜೋಸೆಫ್ ವಾಜ್ ಅವರನ್ನು ಕೆನರಾ ಸೀಮೆಯ ಹೊಣೆ ಹೊರಿಸಿ ಕಳುಹಿಸಿತು. ಅವರು ಬಂದಾಗ ಅಲ್ಲಿ ದೊಡ್ಡದೊಂದು ಗೊಂದಲವಿತ್ತು. ಪೋರ್ಚುಗಲ್ಲಿನ ಅರಸನ ಹಕ್ಕಿನಿಂದ ಗೋವೆಯ ಅಧಿಕಾರ ಒಂದು ಕಡೆ. ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೊಮಾಸ್ ದೆ ಕಾಸ್ತ್ರೊ ಅವರ ಅಧಿಕಾರ ಮತ್ತೊಂದು ಕಡೆ. ಯಾರ ಮಾತನ್ನು ಕೇಳಬೇಕೆಂದು ತಿಳಿಯದೆ ಜನ ಎರಡು ಪಕ್ಷಗಳಾಗಿ ಒಡೆದಿದ್ದರು. ಸ್ವಂತ ಊರನ್ನು ಕಳೆದುಕೊಂಡು ಬಂದವರಿಗೆ ಉಳಿದಿದ್ದ ಏಕೈಕ ಆಸರೆಯಾದ ಧರ್ಮಸಭೆಯಲ್ಲಿಯೇ ಬಿರುಕು ಮೂಡಿತ್ತು. ಗುರು ವಾಜ್ ಅವರು ವಾದಕ್ಕಿಳಿಯದೆ ತಾಳ್ಮೆಯಿಂದ ನಡೆದುಕೊಂಡರು. ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಕಡೆಗೆ ಕಾಲ್ನಡಿಗೆಯಲ್ಲಿ ಸಂಚರಿಸಿ, ಪಾಪನಿವೇದನೆ ಆಲಿಸಿ, ರೋಗಿಗಳನ್ನು ಕಂಡು, ಮಕ್ಕಳಿಗೆ ಶಾಲೆಗಳನ್ನು ತೆರೆದು, ಚದುರಿದ ಮನೆಗಳನ್ನು ಮತ್ತೆ ಧರ್ಮಕೇಂದ್ರಗಳಾಗಿ ಕೂಡಿಸಿದರು. ಮಂಗಳೂರಿಗೆ ಸಮೀಪದ ಮುಡಿಪು ಗುಡ್ಡದಲ್ಲಿ ಇಂದಿಗೂ ಭಕ್ತರು ಅವರನ್ನು ನೆನೆದು ಸೇರುತ್ತಾರೆ.

1684ರಲ್ಲಿ ಗೋವೆಗೆ ಮರಳಿದ ಅವರು, ಭಾರತೀಯ ಗುರುಗಳೇ ಕೂಡಿ ಬಾಳುತ್ತಿದ್ದ ಒರೆಟರಿ ಸಂಘವನ್ನು 1685ರಲ್ಲಿ ಸೇರಿ ಅದಕ್ಕೆ ಭದ್ರವಾದ ರೂಪವನ್ನು ಕೊಟ್ಟರು. ಆದರೆ ಅವರ ಮನಸ್ಸು ಸಿಂಹಳ ದ್ವೀಪದ ಕಡೆಗೆ ಹರಿಯುತ್ತಿತ್ತು. 1658ರಲ್ಲಿ ಡಚ್ಚರು ಅಲ್ಲಿಯ ಪೋರ್ಚುಗೀಸರನ್ನು ಹೊರದೂಡಿ ಕಥೋಲಿಕ ಗುರುಗಳಿಗೆ ಬಹಿಷ್ಕಾರ ಹಾಕಿದ್ದರು. ಸುಮಾರು ಮೂವತ್ತು ವರ್ಷಗಳಿಂದ ಆ ಜನರಿಗೆ ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ. 1687ರಲ್ಲಿ ಗುರು ವಾಜ್ ಅವರು ಕೂಲಿಯಾಳಿನ ವೇಷದಲ್ಲಿ, ಯೊವಾನ್ ಎಂಬ ನಿಷ್ಠಾವಂತ ಸೇವಕನೊಂದಿಗೆ ತೂತುಕುಡಿಯಿಂದ ಹಡಗೇರಿ ದ್ವೀಪವನ್ನು ಮುಟ್ಟಿದರು. ಜಾಫ್ನಾದಲ್ಲಿ ಅತಿಸಾರದಿಂದ ಸಾವಿನ ಅಂಚಿಗೆ ಹೋಗಿ ಬದುಕಿದರು. ಕೊರಳಿಗೆ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗಿ, ಅದನ್ನು ಕಂಡು ಯಾರ ಕಣ್ಣು ಅರಳುವುದೋ ಅವರೇ ತಮ್ಮವರೆಂದು ಗುರುತಿಸಿದರು. ರಾತ್ರಿಯ ಹೊತ್ತಿನಲ್ಲಿ ಗುಟ್ಟಾಗಿ ಪೂಜೆ ಅರ್ಪಿಸಿದರು.

ಡಚ್ಚರ ಹಿಂಸೆ ಹೆಚ್ಚಿದಾಗ ಅವರು ಕ್ಯಾಂಡಿ ರಾಜ್ಯಕ್ಕೆ ಹೋದರು. ಅಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದರು. ಪರದೇಶಿಯ ಮೇಲೆ ಸಂಶಯ ಬಹುಬೇಗ ಹುಟ್ಟುತ್ತದೆ. ಅದು ಕರಗಲು ಮಾತ್ರ ವರ್ಷಗಳು ಬೇಕು. ಗುರು ವಾಜ್ ಅವರು ಆ ಸೆರೆಯನ್ನು ಸಿಂಹಳ ಭಾಷೆಯ ಪಾಠಶಾಲೆಯನ್ನಾಗಿ ಮಾಡಿಕೊಂಡರು. ಬೌದ್ಧನಾಗಿದ್ದ ದೊರೆ ಎರಡನೆಯ ವಿಮಲಧರ್ಮಸೂರ್ಯ ಕ್ರಮೇಣ ಅವರ ಸಾಧುಶೀಲವನ್ನು ಅರಿತು ಸ್ವಾತಂತ್ರ್ಯವನ್ನಿತ್ತನು. ಘೋರ ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಸುರಿಯಿತೆಂದು ಪರಂಪರೆ ಹೇಳುತ್ತದೆ. 1697ರಲ್ಲಿ ಸಿಡುಬು ಹಬ್ಬಿ ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಹೋಗುತ್ತಿದ್ದಾಗ, ಗುರು ವಾಜ್ ಮತ್ತು ಅವರ ಬಂಧುವಾದ ಗುರು ಜೋಸೆಫ್ ಕಾರ್ವಾಲೊ ಅವರು ಜಾತಿಮತ ಕೇಳದೆ ಅವರ ಶುಶ್ರೂಷೆ ಮಾಡಿದರು. ತಮಿಳು ಮತ್ತು ಸಿಂಹಳ ಭಾಷೆಗಳಲ್ಲಿ ಜನರಿಗೆ ಧರ್ಮಬೋಧೆ ದೊರೆಯುವಂತೆ ನೋಡಿಕೊಂಡರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೇವರ ಸಾನ್ನಿಧ್ಯವನ್ನು ಸೇರಿದರು. ಮತ್ತೆಂದೂ ಗೋವೆಯನ್ನು ಕಾಣಲಿಲ್ಲ. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಅವರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಕರಾವಳಿಯ ಈ ಸಂತರಿಗೂ ನಮ್ಮ ಎರೆನೆಲಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ನಮ್ಮ ಸುತ್ತಲೂ ಕಣ್ಣು ಹಾಯಿಸೋಣ. ನವಲಗುಂದದ ಜಮಖಾನೆ ನೇಯುವ ಮನೆತನಗಳು ವಿಜಾಪುರದ ಕಡೆಯಿಂದ ಬಂದು ನೆಲೆಸಿದವೆಂದು ಹೇಳುತ್ತಾರೆ. ಕಲಘಟಗಿಯ ಆಚೆ ಮುಂಡಗೋಡದಲ್ಲಿ 1966ರಿಂದ ಟಿಬೇಟಿನ ನಿರಾಶ್ರಿತರು ಹೊಲ ಉತ್ತು ಬಾಳುತ್ತಿದ್ದಾರೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ವಂಶಜರಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಕಲಘಟಗಿಗಳ ಕಾಡಿನ ಅಂಚಿನಲ್ಲಿದ್ದಾರೆ. ಅವರಲ್ಲಿ ಹಲವರ ಪೂರ್ವಜರು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಬಂದವರು, ಹಲವರು ನಮ್ಮಂತೆಯೇ ಕಥೋಲಿಕರು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಆರಂಭವಾದ ಮೇಲೆ ದುಡಿಮೆಯನ್ನರಸಿ ಬಂದವರೂ ಅನೇಕರು. ಬಂದವರು, ಇದ್ದವರು ಎಂಬ ಗೆರೆಯನ್ನು ಈ ನೆಲದಲ್ಲಿ ಎಳೆಯಹೊರಟರೆ ಅದು ಎಲ್ಲಿ ನಿಲ್ಲುವುದೋ ಹೇಳಲಾಗದು.

ಆದರೂ ನಮ್ಮ ನಡುವೆ ಆ ಗೆರೆ ಕೆಲವೊಮ್ಮೆ ಮೂಡುತ್ತದೆಂಬುದನ್ನು ಮರೆಮಾಚಲಾರೆವು. ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕು, ಹಬ್ಬದ ಮುಂದಾಳುತನ ಯಾರದು ಎಂಬ ಮಾತುಗಳು ಮನಸ್ಸುಗಳನ್ನು ಕಹಿಗೊಳಿಸಿದ್ದುಂಟು. ಒಡೆದ ಸಭೆಯನ್ನು ಕೂಡಿಸಿದ, ತಾವು ಹೋದ ನಾಡಿನ ನುಡಿಯನ್ನು ಸೆರೆಮನೆಯಲ್ಲಿಯೂ ಕಲಿತ, ಕಾಡಿನಲ್ಲಿ ಬಿದ್ದ ರೋಗಿಯ ಮತವನ್ನು ಕೇಳದ ಸಂತರು ಇಂಥ ಕಹಿಗೆ ಮದ್ದನ್ನು ತಮ್ಮ ಬಾಳಿನಿಂದಲೇ ತೋರಿಸಿದ್ದಾರೆ. ಬಂದವನು ಈ ನೆಲದ ನುಡಿಯನ್ನು ಪ್ರೀತಿಯಿಂದ ಕಲಿಯಲಿ. ಇದ್ದವನು ಬಂದವನ ತಾಯ್ನುಡಿಯ ಜಪವನ್ನು ಹೊರಗಿನದೆಂದು ತಿಳಿಯದಿರಲಿ.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದ ದಫ್ತರದಲ್ಲಿ ಇನ್ನೂ ಅನೇಕ ಊರುಗಳ ಹೆಸರುಗಳು ಸೇರಲಿ. ಸಂತ ಜೋಸೆಫ್ ವಾಜ್ ಅವರ ವಿಜ್ಞಾಪನೆಯಿಂದ ಆ ಹೆಸರುಗಳೆಲ್ಲವೂ ಒಂದೇ ಕುಟುಂಬದವಾಗುವಂತೆ ಪ್ರಭು ನಮ್ಮೆಲ್ಲರನ್ನೂ ಹರಸಲೆಂದು ಪ್ರಾರ್ಥಿಸುತ್ತೇವೆ.