ಆರ್ಥರ್ ಕೆರ್

ಆರ್ಥರ್ ಫ್ರಾನ್ಸಿಸ್ ಜಾರ್ಜ್ ಕೆರ್ (1877–1942) ಸಯಾಮಿನಲ್ಲಿ, ಎಂದರೆ ಇಂದಿನ ಥಾಯ್ಲೆಂಡಿನಲ್ಲಿ, ಸೇವೆ ಸಲ್ಲಿಸಿದ ಐರ್ಲೆಂಡಿನ ವೈದ್ಯರು ಹಾಗೂ ಸಸ್ಯವಿಜ್ಞಾನಿ. ಆ ದೇಶದ ಸಸ್ಯಶಾಸ್ತ್ರಕ್ಕೆ ಅಡಿಪಾಯ ಹಾಕಿದವರೆಂದು ಪ್ರಸಿದ್ಧರು. ಸಿಹಿನೀರಿನ ಮೀನಿನ ಮೂಲಕ ಮನುಷ್ಯನನ್ನು ಸೇರುವ ಯಕೃತ್ತಿನ ಚಪ್ಪಟೆಹುಳುವಿನ ಬಗ್ಗೆ ಅಲ್ಲಿ ಮೊದಲು ಲೆಕ್ಕ ಹಿಡಿದವರೂ ಇವರೇ. ಈ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಜೀವನ

ಕೆರ್ ಐರ್ಲೆಂಡಿನ ಲೀಟ್ರಿಮ್ ಪ್ರಾಂತದಲ್ಲಿ ಜನಿಸಿದರು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1902ರಲ್ಲಿ ಸಯಾಮಿಗೆ ಬಂದರು. ಬಳಿಕ ಉತ್ತರದ ಚಿಯಾಂಗ್ ಮಾಯ್ ನಗರದಲ್ಲಿ ವೈದ್ಯಾಧಿಕಾರಿಯಾದರು.

ಯಕೃತ್ತಿನ ಹುಳುವಿನ ಸಮೀಕ್ಷೆ

ಚಿಯಾಂಗ್ ಮಾಯ್ ಸೆರೆಮನೆಯ ಕೈದಿಗಳ ಶವಪರೀಕ್ಷೆಯಲ್ಲಿ ಕೆರ್ ಅವರಿಗೆ ಎಲೆಯಾಕಾರದ ಸಣ್ಣ ಹುಳುಗಳು ದೊರೆತವು. 1886ರಲ್ಲಿ ಮೀನು ಹಿಡಿಯುವ ಕಾಡುಬೆಕ್ಕಿನ ದೇಹದಿಂದ ವರ್ಣಿತವಾಗಿದ್ದ ಒಪಿಸ್ಥಾರ್ಕಿಸ್ ವಿವೆರಿನಿ ಎಂಬ ಜಾತಿ ಅದೆಂದು ಲೈಪರ್ ಗುರುತಿಸಿದರು. ಇದರ ಹತ್ತಿರದ ಬಂಧುವಾದ ಚೀನೀ ಹುಳು 1874ರಷ್ಟು ಹಿಂದೆಯೇ ನಮ್ಮ ಕಲ್ಕತ್ತೆಯಲ್ಲಿ, ಒಬ್ಬ ಚೀನೀ ಬಡಗಿಯ ಶವದಲ್ಲಿ, ಮೆಕಾನೆಲ್ ಎಂಬ ವೈದ್ಯರಿಗೆ ಸಿಕ್ಕಿತ್ತು.

ಕೆರ್ ಅಷ್ಟಕ್ಕೇ ನಿಲ್ಲಲಿಲ್ಲ. 230 ಕೈದಿಗಳ ಪೈಕಿ ಸುಮಾರು ಶೇ. 17ರಷ್ಟು ಮಂದಿಯಲ್ಲಿ ಈ ಹುಳು ಇದ್ದುದನ್ನು 1916ರಲ್ಲಿ ವರದಿ ಮಾಡಿದರು. ಸೆರೆಮನೆಯ ಲೆಕ್ಕವನ್ನು ಇಡೀ ನಾಡಿನ ಲೆಕ್ಕವೆಂದು ಹಿಡಿಯಲಾಗದು. ಆದರೂ ಇದು ಅಪರೂಪದ ರೋಗವಲ್ಲವೆಂಬುದು ಅಷ್ಟರಿಂದಲೇ ಸ್ಪಷ್ಟವಾಯಿತು.

ಹುಳುವಿನ ಮೊಟ್ಟೆಗಳು ಮಲದೊಡನೆ ನೀರು ಸೇರುತ್ತವೆ. ಅಲ್ಲಿ ಬಸವನಹುಳುವಿನ ಒಡಲಲ್ಲಿ ಬೆಳೆದ ಮರಿಗಳು ಕೆಂಡೆ ಜಾತಿಯ ಮೀನುಗಳ ಮಾಂಸವನ್ನು ಹೊಗುತ್ತವೆ. ಆ ಮೀನನ್ನು ಹಸಿಯಾಗಿ ತಿಂದವರ ಪಿತ್ತನಾಳಗಳಲ್ಲಿ ಅವು ನೆಲೆಸಿ ವರ್ಷಾನುಗಟ್ಟಲೆ ಬದುಕುತ್ತವೆ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿಯೂ ಲಾವೋಸಿನಲ್ಲಿಯೂ ಹಸಿಮೀನನ್ನು ಕೊಚ್ಚಿ, ನಿಂಬೆರಸ ಮತ್ತು ಖಾರ ಬೆರೆಸಿ ತಿನ್ನುವ ರೂಢಿಯಿದೆ. ಹುಳಿ-ಖಾರಕ್ಕೆ ಮರಿಗಳು ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಕನ್ನಡ ನಾಡಿನ ಕುರಿ, ದನ, ಎಮ್ಮೆಗಳನ್ನು ಕಾಡುವ ಯಕೃತ್ತಿನ ಹುಳು ಬೇರೆಯೇ ಜಾತಿಯದು. ಅದು ಬರುವುದು ಮೀನಿನಿಂದಲ್ಲ, ಕೆರೆಯಂಚಿನ ಹುಲ್ಲಿನಿಂದ. ವಿದ್ಯಾರ್ಥಿಗಳು ಇವೆರಡನ್ನೂ ಒಂದೆಂದು ಭಾವಿಸಬಾರದು.

ಸಸ್ಯ ಸಂಗ್ರಹ

ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದ ಕೆರ್, 1920ರಲ್ಲಿ ಸಯಾಮ್ ಸರ್ಕಾರದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1932ರಲ್ಲಿ ನಿವೃತ್ತರಾಗುವವರೆಗೂ ದೇಶದ ಮೂಲೆಮೂಲೆ ಸುತ್ತಿ ಸಾವಿರಾರು ಸಸ್ಯಗಳನ್ನು ಸಂಗ್ರಹಿಸಿದರು. ಕೆರಿಯೋಡಾಕ್ಸಾ ಎಂಬ ತಾಳೆಯ ಕುಲಕ್ಕೆ ಅವರ ಹೆಸರನ್ನಿಡಲಾಗಿದೆ.

ನಿಧನ ಮತ್ತು ನಂತರ

ಕೆರ್ 1942ರಲ್ಲಿ ನಿಧನರಾದರು. ಅವರು ಸೆರೆಮನೆಯಲ್ಲಿ ಎಣಿಸಿದ ಹುಳು ಪಿತ್ತನಾಳದ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿದ್ದು 1994ರಲ್ಲಿ.